ಈರಣ್ಣಧಣಿಯ ಅವಸರ

ಪತ್ತೇದಾರಿ ಕಾದಂಬರಿ ಬರೆಯುವವರನ್ನು ಸಾಹಿತಿಗಳೆನ್ನಬೇಕೋ ಬೇಡವೋ ಎಂದು ಕೊಪ್ಪಳದಲ್ಲಿ ಆಗಾಗ ಚರ್ಚೆ ಏಳುತ್ತಿತ್ತು. ಚರ್ಚೆ ಎಬ್ಬಿಸುವವರ ಮನೆಯಲ್ಲೇ ಕ್ಯಾಂಪ್ ದುರ್ಗಾಳ ಪುಸ್ತಕ ಯಾರದೋ ದಿಂಬಿನ ಕೆಳಗೆ ಬೆಚ್ಚಗಿರುತ್ತಿತ್ತು, ಅದು ಬೇರೆ ಮಾತು. ದುರ್ಗಾ ಇದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಯಲಬುರ್ಗಾದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತ, ಸಂಜೆಗಳಲ್ಲಿ ಇಪ್ಪತ್ತೆರಡು ಕಾದಂಬರಿ ಬರೆದು ಮುಗಿಸಿದ್ದಳು. ವೇದಿಕೆಗೆ ಕರೆದರೆ ಹೋಗುತ್ತಿದ್ದಳು, ಕರೆಯದಿದ್ದರೆ ಮನೆಯಲ್ಲಿ ಕೂತು ಇನ್ನೊಂದು ಕೊಲೆ ಮಾಡಿಸುತ್ತಿದ್ದಳು.

2019ರ ಫೆಬ್ರುವರಿಯಲ್ಲಿ ಕರೆದರು. ಕೊಪ್ಪಳದ ಸಭಾಭವನದಲ್ಲಿ ಓದುಗರ ಜೊತೆ ಮಾತು, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ದುರ್ಗಾಳ ಚೀಲದಲ್ಲಿ ಇಪ್ಪತ್ತಮೂರನೆಯ ಕಾದಂಬರಿಯ ಹಸ್ತಪ್ರತಿ ಇತ್ತು. ಮರುದಿನ ಬೆಳಿಗ್ಗೆ ಅದನ್ನು ಗಂಗಾವತಿ ಕಡೆಯ ಹಳ್ಳಿಯೊಂದಕ್ಕೆ ಒಯ್ದು ಮುದಿಯಪ್ಪ ಎಂಬ ಕುರಿಗಾರನಿಗೆ ಓದಿ ಹೇಳಬೇಕಿತ್ತು. ಅದು ಅವನ ಕಥೆ. ಮಾಡದ ಕೊಲೆಗಾಗಿ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದ ಕಥೆ. ಕೊಲೆಯಾದನೆಂದು ಎಲ್ಲರೂ ನಂಬಿದ್ದ ಮನುಷ್ಯ ದುರ್ಗಾಳ ಸ್ವಂತ ಅಪ್ಪ. ಮುದಿಯಪ್ಪ ಹೂಂ ಎಂದರೆ ಪ್ರಕಾಶಕರಿಗೆ ಕೊಡುವುದೊಂದೇ ಬಾಕಿ. ಹೂಂ ಎನ್ನುತ್ತಾನೆಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಮುನ್ನೂರು ಪುಟದ ಆ ಹಸ್ತಪ್ರತಿಯಲ್ಲಿ ಒಂದೇ ಒಂದು ಸುಳ್ಳಿತ್ತು, ಅದನ್ನು ಅವಳು ತಿಳಿದೇ ಬರೆದಿದ್ದಳು.

ಮೊದಲ ಪ್ರಶ್ನೆ ಯಾವಾಗಲೂ ಬರುವುದೇ ಬಂತು. ಮುಂದಿನ ಸಾಲಿನ ಕನ್ನಡಕದ ಯಜಮಾನರೊಬ್ಬರು ಎದ್ದು, "ಮೇಡಂ, ನಿಮ್ಮ ಮನಿ ಭಾಷಾ ತೆಲುಗು. ಮತ್ತ ಕನ್ನಡದಾಗ ಯಾಕ ಬರೀತೀರಿ?" ಎಂದು ಕೇಳಿದರು.

"ನಮ್ಮವ್ವ ತೆಲುಗಿನಾಗ ಬೈತಿದ್ಲು, ನಮ್ಮ ಹೊಲದ ಕೆಲಸಕ್ಕ ಬರ್ತಿದ್ದ ಹುಲಗಮ್ಮ ಕನ್ನಡದಾಗ ಬೈತಿದ್ಲು. ಹುಲಗಮ್ಮನ ಬೈಗುಳ ಭಾಳ ಛಲೋ ಇರ್ತಿದ್ವುರಿ," ಎಂದಳು ದುರ್ಗಾ. ಸಭೆ ನಕ್ಕಿತು. ಈ ಉತ್ತರಕ್ಕೆ ಸಭೆ ಹದಿನೈದು ವರ್ಷಗಳಿಂದ ನಗುತ್ತಿತ್ತು.

ಆಮೇಲೆ ಕ್ಯಾಂಪಿನ ಕಥೆ ಹೇಳಿದಳು. ತುಂಗಭದ್ರೆಗೆ ಅಣೆಕಟ್ಟಾಗಿ ಗಂಗಾವತಿ ಸೀಮೆಗೆ ಕಾಲುವೆ ಬಂದಾಗ, ಕೃಷ್ಣಾ ನದಿ ಸಮುದ್ರ ಸೇರುವ ಕಡೆಯ ಆಂಧ್ರದ ರೈತರು ಅಲ್ಲಿ ಎರಡೆಕರೆ ಮಾರಿ ಇಲ್ಲಿ ಹತ್ತೆಕರೆ ಹಿಡಿದರು. ಕಾಲುವೆಯ ಬದಿಗೆ ಗುಡಿಸಲು ಹಾಕಿದರು, ಆ ಜಾಗಕ್ಕೆ ಕ್ಯಾಂಪ್ ಎಂದು ಹೆಸರಾಯಿತು. ಗುಡಿಸಲು ಹೋಗಿ ತಾರಸಿ ಮನೆ ಬಂತು, ಅಲ್ಲಿ ಹುಟ್ಟಿದ ಮಕ್ಕಳಿಗೆ ಮಕ್ಕಳಾದವು, ಆದರೂ ಅದು ಕ್ಯಾಂಪೇ. ನಾಳೆ ಬೆಳಿಗ್ಗೆ ಗಂಟುಮೂಟೆ ಕಟ್ಟುವವರ ಹಾಗೆ ಅರವತ್ತು ವರ್ಷ ಬಾಳಿದ್ದರು. ಅವಳಪ್ಪ ವೀರರಾಘವುಲು ಇಪ್ಪತ್ತರ ಹರೆಯದಲ್ಲಿ ಬಂದವನು. ಆ ಹೆಸರು ಪಕ್ಕದ ಹಳ್ಳಿಯವರ ಬಾಯಲ್ಲಿ ಒಂದು ವಾರವೂ ಬಾಳಲಿಲ್ಲ, ಈರಣ್ಣಧಣಿ ಆಯಿತು. ಕನಕದುರ್ಗ ಎಂಬ ಮಗಳನ್ನು ಕೊಪ್ಪಳದ ಕಾಲೇಜಿನ ಹುಡುಗಿಯರು ಕ್ಯಾಂಪ್ ದುರ್ಗಾ ಎಂದು ಆಡಿಕೊಂಡರು. ಆಡಿಕೊಂಡ ಹೆಸರನ್ನೇ ಅವಳು ಪುಸ್ತಕದ ಮೇಲೆ ಅಚ್ಚು ಹಾಕಿಸಿದಳು.

"ಈಗ ಆ ಹುಡುಗ್ಯಾರೆಲ್ಲ ಸಹಿ ಹಾಕ್ಕೊಡು ಅಂತ ಬರ್ತಾರ," ಎಂದಾಗ ಚಪ್ಪಾಳೆ ಬಿತ್ತು.

ಅವಳ ಪತ್ತೇದಾರಿಣಿ ಶಾಂತಕ್ಕನ ಬಗ್ಗೆಯೂ ಕೇಳಿದರು. ಶಾಂತಕ್ಕ ಕುಷ್ಟಗಿ ಕ್ರಾಸಿನಲ್ಲಿ ಖಾನಾವಳಿ ನಡೆಸುವ ಹೆಂಗಸು. ನಾಲ್ಕೂ ದಿಕ್ಕಿನ ಬಸ್ಸು ನಿಲ್ಲುವ ಆ ಜಾಗದಲ್ಲಿ ರೊಟ್ಟಿ ಬಡಿಸುತ್ತಲೇ, ಉಣ್ಣುವವನ ಮಾತು ಕೇಳಿ ಅವನು ಯಾವ ಊರವನು, ಯಾವ ಊರವನೆಂದು ಸುಳ್ಳು ಹೇಳುತ್ತಿದ್ದಾನೆ ಎಂದು ಪತ್ತೆ ಮಾಡುತ್ತಿದ್ದಳು. ಬೆರಳಚ್ಚು, ರಕ್ತ, ಭೂತಗನ್ನಡಿ ಯಾವುದೂ ಅವಳಿಗೆ ಬೇಡ. ಮನುಷ್ಯ ಸಿಕ್ಕಿಬೀಳುವುದು ಮಾತಿನಲ್ಲೇ ಎಂಬುದು ಶಾಂತಕ್ಕನ ನಂಬಿಕೆ, ದುರ್ಗಾಳದ್ದೂ.

ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಎತ್ತರದ ಮುದುಕನೊಬ್ಬ ಎದ್ದು ನಿಂತ. ಬಿಳಿ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಕೈಕಟ್ಟಿ ನಿಲ್ಲುವ ಹಳೆಯ ಪೊಲೀಸ್ ರೂಢಿ. "ನಾ ನಿಮ್ಮ ಎಲ್ಲಾ ಪುಸ್ತಕ ಓದೀನ್ರಿ ಮೇಡಂ. ಎಲ್ಲಾದರಾಗೂ ಹವಾಲ್ದಾರ ತಪ್ಪ ಬರಕೋತಾನ. ಒಬ್ಬನರ ಸರಿ ಬರಕೊಂಡಾವ ಇಲ್ಲೇನ್ರಿ?"

ದುರ್ಗಾಳಿಗೆ ಗುರುತು ಹತ್ತಲು ಒಂದು ಕ್ಷಣವೂ ಬೇಕಾಗಲಿಲ್ಲ. ಕೊಟ್ರಪ್ಪ. ಇಪ್ಪತ್ತು ವರ್ಷದ ಹಿಂದೆ ಅವಳಪ್ಪನ ಹೇಳಿಕೆ ಬರೆದುಕೊಂಡ ಹವಾಲ್ದಾರ. "ಸರಿ ಬರಕೊಂಡ್ರ ಕಾದಂಬರಿ ಮೂರು ಪುಟಕ್ಕ ಮುಗದ ಹೊಕ್ಕೈತ್ರಿ," ಎಂದಳು. ಎಲ್ಲರೂ ನಕ್ಕರು. ಕೊಟ್ರಪ್ಪನೂ ನಕ್ಕು ಕೂತುಬಿಟ್ಟ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ಅವನು ನಕ್ಕದ್ದು ತಡೆಯಲಾಗಲಿಲ್ಲ. ಶಾಲು ಹೊದಿಸುವಾಗ ಅವಳ ಮುಖದಲ್ಲಿದ್ದ ನಗು ಫೋಟೋದಲ್ಲಿ ಚೆನ್ನಾಗಿಯೇ ಬಂದಿದೆ, ಒಳಗೆ ಮಾತ್ರ ನಾಚಿಕೆಯಿಂದ ಮೈ ಸುಡುತ್ತಿತ್ತು.

ಆಗಿದ್ದಿಷ್ಟು.

ಕೊಪ್ಪಳ ಜಿಲ್ಲೆಯಾದ ಮರುವರ್ಷ, 1998ರ ಅಕ್ಟೋಬರ್. ಕಾಲುವೆಯ ಗೇಟಿನ ಹತ್ತಿರ ಈರಣ್ಣಧಣಿಗೂ ಮುದಿಯಪ್ಪನಿಗೂ ನೀರಿನ ಪಾಳಿಯ ಮೇಲೆ ಜೋರು ಜಗಳವಾಯಿತು. ಮುದಿಯಪ್ಪ ಕುರಿ ಕಾಯುವುದರ ಜೊತೆಗೆ ಕಾಲುವೆಯ ಕೊನೆಗೆ ಎರಡೆಕರೆ ಮಾಡುತ್ತಿದ್ದ, ಉಳಿದಂತೆ ಹೆಂಡತಿ ಹುಲಗಮ್ಮನ ಜೊತೆ ಈರಣ್ಣಧಣಿಯ ಗದ್ದೆಯಲ್ಲೇ ದುಡಿಯುತ್ತಿದ್ದ. ಇಬ್ಬರೂ ಇಪ್ಪತ್ತು ವರ್ಷದಿಂದ ಹಂಗಾಮಿಗೆರಡು ಸಲ ಹೀಗೆ ಜಗಳವಾಡಿ, ಮರುದಿನ ಒಂದೇ ಬೀಡಿ ಕಟ್ಟಿನಲ್ಲಿ ಸೇದುತ್ತಿದ್ದರು. ಈ ಸಲ ಮರುದಿನ ಬೆಳಿಗ್ಗೆ ಕುರಿ ಹೊಡೆದುಕೊಂಡು ಬಂದ ಮುದಿಯಪ್ಪನಿಗೆ ಗೇಟಿನ ಬುಡದಲ್ಲಿ ತಲೆ ಒಡೆದು ಬಿದ್ದಿದ್ದ ಧಣಿ ಕಂಡ. ತನ್ನ ಹೆಗಲ ಟವೆಲನ್ನೇ ತಲೆಗೆ ಬಿಗಿದು, ದಾರಿಯಲ್ಲಿ ಸಿಕ್ಕ ಬಂಡಿಯಲ್ಲಿ ಹಾಕಿಕೊಂಡು ಕ್ಯಾಂಪಿಗೆ ಬಂದ. ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ಗಂಗಾವತಿಯ ಆಸ್ಪತ್ರೆಗೆ ಸೇರಿಸಿದರು. ಕ್ಯಾಂಪಿನವರು ರಕ್ತದ ಟವೆಲನ್ನು ನೋಡಿದರು, ಹಿಂದಿನ ದಿನದ ಜಗಳವನ್ನು ನೆನೆದರು, ಲೆಕ್ಕ ಹಾಕಿ ಮುಗಿಸಿಬಿಟ್ಟರು. ಊರಿನವನು ಕ್ಯಾಂಪಿನವನಿಗೆ ಹೊಡೆದಿದ್ದಾನೆ, ಹೆದರಿ ತಾನೇ ಹೊತ್ತು ತಂದಿದ್ದಾನೆ.

ದುರ್ಗಾಳಿಗೆ ಆಗ ಇಪ್ಪತ್ತೆರಡು. ಕೊಪ್ಪಳದ ಹಾಸ್ಟೆಲ್‌ನಿಂದ ಓಡಿ ಬಂದಿದ್ದಳು. ಆ ವಯಸ್ಸಿನ ದುರ್ಗಾಳನ್ನು ತಿಳಿಯಬೇಕೆಂದರೆ ಅವಳ ಕನ್ನಡದ ಕಥೆ ತಿಳಿಯಬೇಕು. ಕಾಲೇಜು ಸೇರಿದ ವರ್ಷ ಚರ್ಚಾಸ್ಪರ್ಧೆಯಲ್ಲಿ ಮೈಕಿನ ಮುಂದೆ ನಿಂತು, "ನಮ್ಮ ದೇಶಕ್ಕೆ ಯುದ್ಧದ ಅವಸರ ಇಲ್ಲ," ಎಂದು ಗುಡುಗಿದ್ದಳು. ತೆಲುಗಿನಲ್ಲಿ ಅವಸರವೆಂದರೆ ಅಗತ್ಯ, ಬೇಕಾದದ್ದು. ಕನ್ನಡದಲ್ಲಿ ಅವಸರವೆಂದರೆ ಗಡಿಬಿಡಿ. ಹಿಂದಿನಿಂದ ಯಾರೋ, "ಹಂಗಾದ್ರ ನಿಧಾನಕ್ಕ ಮಾಡೂಣು ಬಿಡ್ರೀ!" ಎಂದು ಕೂಗಿದರು. ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆವತ್ತಿನಿಂದ ಅವಳು ತನ್ನ ನಾಲಗೆಯನ್ನು ಉಜ್ಜಿ ಉಜ್ಜಿ ತೊಳೆದಳು. ಮೂರು ವರ್ಷದಲ್ಲಿ ಅವಳ ಕನ್ನಡ ಎಷ್ಟು ಸ್ವಚ್ಛವಾಯಿತೆಂದರೆ, ಕನಸು ಕೂಡ ಕನ್ನಡದಲ್ಲೇ ಬೀಳತೊಡಗಿತು. ರಜೆಗೆ ಬಂದಾಗ ಅಪ್ಪನ ಕನ್ನಡ ಕೇಳಿ ಅವಳಿಗೆ ಮುಜುಗರವಾಗುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಹವಾಲ್ದಾರ ಕೊಟ್ರಪ್ಪ ಕಾಗದ, ರಟ್ಟು ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಅಪ್ಪ ಮಂಪರಿನಲ್ಲಿದ್ದ, ಒಂದೊಂದೇ ಮಾತು ಹೊರಡುತ್ತಿತ್ತು. ಕೊಟ್ರಪ್ಪ ಬಗ್ಗಿ, "ಧಣ್ಯಾರ, ಮುದಿಯಪ್ಪನ್ನ ಹಿಡಕೊಂಡು ಬರೂಣೇನ್ರಿ?" ಎಂದು ಕೇಳಿದ. ಅಪ್ಪನ ತುಟಿ ಅಲುಗಿತು. ಕೊಟ್ರಪ್ಪನಿಗೆ ಕೇಳಿಸಲಿಲ್ಲ. ದಿಂಬಿನ ಹತ್ತಿರವೇ ಇದ್ದ ದುರ್ಗಾಳ ಕಡೆ ತಿರುಗಿ, "ಏನಂದ್ರವಾ?" ಎಂದ.

ಅಪ್ಪ ಅಂದದ್ದು ಎರಡೇ ಮಾತು, "ಅವಸರ ಇಲ್ಲ."

"ಅವಸರ ಇಲ್ಲಂತ್ರಿ," ಎಂದಳು ದುರ್ಗಾ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಪ್ಪನ ಅರ್ಧಂಬರ್ಧ ಮಾತನ್ನು ಪೊಲೀಸನ ಮುಂದೆ ಪೂರ್ಣ ವಾಕ್ಯ ಮಾಡಿಕೊಡಬೇಕು ಎನಿಸಿತು. "ನಿಧಾನಕ್ಕ ಹಿಡೀರಿ ಅಂತಾರ."

ಕೊಟ್ರಪ್ಪ ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡ. ಅವಳು ಸಾಕ್ಷಿಯ ಸಹಿ ಹಾಕಿದಳು, ಅಕ್ಷರ ದುಂಡಗಿತ್ತು. ಆ ಸಂಜೆಯೇ ಅಪ್ಪ ತೀರಿಕೊಂಡ. ಮರುದಿನ ಮುದಿಯಪ್ಪನನ್ನು ಹಿಡಿದರು. ಸಾಯುವ ಮನುಷ್ಯನೇ ಹಿಡಿಯಿರಿ ಎಂದು ಹೇಳಿದ ಮೇಲೆ ಇನ್ನೇನಿದೆ? ಪತ್ರಿಕೆಯಲ್ಲಿ ಮುದಿಯಪ್ಪನ ಹೆಸರು ದಪ್ಪ ಅಕ್ಷರದಲ್ಲಿ ಬಂತು.

ಒಂದು ವರ್ಷ ಕಳೆಯಿತು. ಅಪ್ಪನ ವರ್ಷಾಬ್ದಿಕಕ್ಕೆ ಆಂಧ್ರದಿಂದ ಸೋದರತ್ತೆ ಬಂದಿದ್ದಳು. ದುರ್ಗಾ ಕಾಫಿ ಲೋಟ ಹಿಡಿದುಕೊಂಡು ಹೋದಳು. ಅತ್ತೆ ಕೈ ಅಡ್ಡ ಮಾಡಿ, "ಅವಸರಂ ಲೇದಮ್ಮಾ," ಎಂದಳು. ಬೇಡಮ್ಮಾ ಎಂದು. ದುರ್ಗಾ ಲೋಟ ಹಿಡಿದು ನಿಂತಲ್ಲೇ ನಿಂತಳು. ಅಪ್ಪ ಹೇಳಿದ್ದು ಅವಳಿಗೆ ಆ ಕ್ಷಣ ಮೊದಲ ಸಲ ಕೇಳಿಸಿತು. ಮುದಿಯಪ್ಪನ್ನ ಹಿಡಿಯೋಣವೇ? ಬೇಡ. ಅದರ ಅಗತ್ಯ ಇಲ್ಲ. ಅವನು ಹೊಡೆದಿಲ್ಲ. ನಲವತ್ತು ವರ್ಷ ಈ ನೆಲದಲ್ಲಿ ಬಾಳಿದ ಮನುಷ್ಯ ಸಾಯುವ ಮುಂಚೆ ತನ್ನ ಮುರುಕು ಕನ್ನಡದಲ್ಲಿ ಸ್ನೇಹಿತನನ್ನು ಉಳಿಸಲು ನೋಡಿದ್ದ, ಮಗಳು ತನ್ನ ಚೆಂದದ ಕನ್ನಡದಲ್ಲಿ ಅವನನ್ನು ಜೈಲಿಗೆ ಕಳಿಸಿದ್ದಳು. ಅವಳು ಲೋಟ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಅತ್ತು ಕೂತವಳಲ್ಲ ಮತ್ತೆ. ಕೊಪ್ಪಳಕ್ಕೆ ಹೋಗಿ ಮುದಿಯಪ್ಪನ ವಕೀಲರನ್ನು ತಾನೇ ಹುಡುಕಿದಳು. ಕ್ಯಾಂಪಿನ ಹಿರಿಯರು ಮನೆಗೆ ಬಂದು, ಅಪ್ಪನ ಹೆಣದ ಮೇಲೆ ಕಾಲಿಟ್ಟು ಊರವರ ಕಡೆ ಹೋಗ್ತೀಯಾ ಎಂದು ಕೇಳಿದಾಗ, ಬಾಗಿಲಲ್ಲೇ ನಿಂತು ಹೂಂ ಎಂದಳು. ಡಿಸೆಂಬರಿನಲ್ಲಿ ಕೊಪ್ಪಳದ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ತಲೆಯ ಗಾಯ ಗೇಟಿನ ಕಬ್ಬಿಣದ ಚಕ್ರದ ಮೇಲೆ ಜಾರಿ ಬಿದ್ದರೂ ಆಗುವಂಥದ್ದೇ ಎಂದು ಡಾಕ್ಟರು ಹೇಳಿದರು. ಅವಸರದ ವಿಷಯಕ್ಕೆ ಹುಲಗಮ್ಮನ ಸಾಕ್ಷಿಯಾಯಿತು.

"ನಮ್ಮ ಧಣ್ಯಾರಿಗೆ ಮುಂಜಾನಿ ಚಾ ಮಾಡ್ಲೇನ್ರಿ ಅಂದ್ರ ಅವಸರ ಇಲ್ಲ ಅಂತಿದ್ರುರಿ ಸಾಹೇಬ್ರ. ಗಡಿಬಿಡಿ ಇಲ್ಲಂತ ಕಾಣ್ತೈತಿ ಅಂತ ನಾ ತಾಸು ಬಿಟ್ಟು ಮಾಡಿ ಇಡ್ತಿದ್ದೆ. ಬ್ಯಾಡ ಅಂದ್ನಲ್ಲ ಅಂತ ಬೈತಿದ್ರು. ಮೂರು ದಿನ ಹಿಂಗ ಆತು. ನಾಕನೇ ದಿನ ತಿಳೀತು, ಈ ಮನಶ್ಯಾಗ ಅವಸರ ಅಂದ್ರ ಬೇಕು ಅಂತ. ಆಮ್ಯಾಲ ಇಡೀ ಊರಿಗೆ ತಿಳದಿತ್ತುರಿ. ಯಾರರ ಸುಮ್ನ ಏನರ ಕೊಡಾಕ ಬಂದ್ರ, ಈರಣ್ಣಧಣಿ ಅವಸರ ಇಲ್ಲ ಬಿಡು ಅಂತ ನಾವು ನಗತಿದ್ವಿ."

ಜಡ್ಜ್ ಸಾಹೇಬರೂ ನಕ್ಕರು. ಆಮೇಲೆ ದುರ್ಗಾ ಕಟಕಟೆ ಹತ್ತಿದಳು. ಅಪ್ಪನ ಮಾತಿನ ಅರ್ಥವನ್ನು ಸ್ಪಷ್ಟವಾಗಿ, ತಡವರಿಸದೆ ಬಿಡಿಸಿ ಹೇಳಿದಳು. ಸರ್ಕಾರಿ ವಕೀಲರು ಎದ್ದು ಒಂದೇ ಪ್ರಶ್ನೆ ಕೇಳಿದರು: "ಹಾಗಾದರೆ 'ನಿಧಾನಕ್ಕೆ ಹಿಡಿಯಿರಿ' ಎಂದವರು ಯಾರು?"

ಹಿಂದೆ ಕ್ಯಾಂಪಿನವರು ಕೂತಿದ್ದರು. ಎದುರಿಗೆ ಮುದಿಯಪ್ಪ ನಿಂತಿದ್ದ, ಹದಿನಾಲ್ಕು ತಿಂಗಳಲ್ಲಿ ಅರ್ಧ ಆಗಿದ್ದ. ನಾನೇ ಅಂದೆ ಎಂದರೆ ಈ ಹುಡುಗಿ ಆಗೊಂದು ಈಗೊಂದು ಹೇಳುತ್ತಾಳೆ ಎಂದು ತನ್ನ ಸಾಕ್ಷಿಯೇ ಬಿದ್ದುಹೋಗಬಹುದೆಂದು ಅವಳಿಗನಿಸಿತು. ಇದು ಅರ್ಧ ನಿಜ. ಇನ್ನರ್ಧ, ಮುದಿಯಪ್ಪನ ಮುಂದೆ ಹಾಗೆ ಹೇಳಲು ಅವಳಿಗೆ ಧೈರ್ಯ ಸಾಲಲಿಲ್ಲ. "ಹವಾಲ್ದಾರರು ತಾವೇ ಸೇರಿಸಿದರು. ನನಗೆ ಓದಿ ಹೇಳಲಿಲ್ಲ," ಎಂದಳು. ಕೊಟ್ರಪ್ಪ, "ಇಲ್ರಿ ಸಾಹೇಬ್ರ, ಈಯಮ್ಮನ ಹೇಳಿದ್ಲು," ಎಂದು ಎದ್ದ. ಯಾರು ನಂಬುತ್ತಾರೆ? ಅಪ್ಪನನ್ನು ಕಳೆದುಕೊಂಡೂ ಆರೋಪಿಯ ಪರ ನಿಂತ ಹುಡುಗಿಯನ್ನು ನಂಬಿದರು. ಮುದಿಯಪ್ಪ ಬಿಡುಗಡೆಯಾದ. ಕೊಟ್ರಪ್ಪನ ಬಡ್ತಿ ತಪ್ಪಿತು, ದೂರದ ಠಾಣೆಗೆ ಎತ್ತಿಹಾಕಿದರು.

ದುರ್ಗಾ ಲೇಖಕಿಯಾದದ್ದು ಹುಲಗಮ್ಮನ ಬೈಗುಳದಿಂದಲ್ಲ, ಆ ಕಟಕಟೆಯಲ್ಲಿ. ತಾನು ಸೇರಿಸಿದ ಎರಡು ಪದ ಒಬ್ಬನನ್ನು ಒಳಗೆ ಹಾಕಿದ್ದನ್ನು ಅವಳು ಕಂಡಿದ್ದಳು. ತಾನು ಹೇಳಿದ ಒಂದು ವಾಕ್ಯವನ್ನು ಇಡೀ ಕೋರ್ಟು ಉಸಿರು ಬಿಗಿಹಿಡಿದು ನಂಬಿದ್ದನ್ನೂ ಕಂಡಳು. ಅದು ಅವಳಿಗೆ ಇಷ್ಟವಾಯಿತು, ಇದನ್ನು ಮುಚ್ಚಿಟ್ಟು ಫಲವಿಲ್ಲ. ಆರು ತಿಂಗಳಲ್ಲಿ ಮೊದಲ ಕಾದಂಬರಿ ಬರೆದಳು. ಅದರಲ್ಲಿ ತಪ್ಪು ಬರೆದುಕೊಳ್ಳುವ ಹವಾಲ್ದಾರನೊಬ್ಬ ಇದ್ದ. ಎರಡನೆಯದರಲ್ಲೂ ಇದ್ದ. ಇಪ್ಪತ್ತೆರಡರಲ್ಲೂ ಇದ್ದ. ಅವಳು ಒಂದೇ ಸುಳ್ಳನ್ನು ಇಪ್ಪತ್ತೆರಡು ಸಲ ಗಟ್ಟಿ ಮಾಡುತ್ತಿದ್ದಾಳೆಂದು ಬೇರೆ ಯಾರಿಗೂ ಹೊಳೆಯಲಿಲ್ಲ, ಕೊಟ್ರಪ್ಪನೊಬ್ಬನನ್ನು ಬಿಟ್ಟು.

ಮುದಿಯಪ್ಪ ಪ್ರತಿ ದೀಪಾವಳಿಗೆ ಎರಡು ಬಸ್ಸು ಬದಲಿಸಿ ಯಲಬುರ್ಗಾಕ್ಕೆ ಬರುತ್ತಿದ್ದ, ಕೈಯಲ್ಲಿ ಎಮ್ಮೆಯ ಬೆಣ್ಣೆಯ ಡಬ್ಬಿ. ಅಕ್ಕಪಕ್ಕದ ಮನೆಯವರಿಗೆಲ್ಲ, "ನನ್ನ ಜೀವಾ ಉಳಿಸಿದಾಕಿ ಈ ನಮ್ಮವ್ವ," ಎಂದು ಹೇಳದೆ ಹೋಗುತ್ತಿರಲಿಲ್ಲ. ಆ ಬೆಣ್ಣೆ ತಿನ್ನದೆ ಇರಬಹುದಿತ್ತು. ಇಪ್ಪತ್ತು ವರ್ಷ ತಿಂದಳು.

ಸನ್ಮಾನದ ಮರುದಿನ ಬೆಳಿಗ್ಗೆ ದುರ್ಗಾ ಗಂಗಾವತಿಯ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತು ಹಸ್ತಪ್ರತಿ ತೆಗೆದು ಆಸ್ಪತ್ರೆಯ ಅಧ್ಯಾಯ ಮತ್ತೆ ಓದಿದಳು. ಕಸುಬುದಾರಿಕೆಯಲ್ಲಿ ಅದು ಅವಳ ಬರವಣಿಗೆಯಲ್ಲೇ ಅತ್ಯುತ್ತಮ ಅಧ್ಯಾಯ, ಹವಾಲ್ದಾರನ ಸೊಕ್ಕು, ಮಗಳ ಮುಗ್ಧತೆ ಎಲ್ಲವೂ ಕಣ್ಣಿಗೆ ಕಟ್ಟುವಂತಿತ್ತು. ಹಾಗೇ ಓದಿಬಿಟ್ಟರೆ ಮುದಿಯಪ್ಪ ಹೂಂ ಎನ್ನುತ್ತಾನೆ. ನಿಜ ಹೇಳಿದರೆ ಅವನು ಹೊರಗೆ ಹಾಕಬಹುದು, ಅವಳಿಗೆ ಈ ಸೀಮೆಯಲ್ಲಿ ಉಳಿದ ಒಂದೇ ಒಂದು ತವರು ಮನೆಯ ಬಾಗಿಲು ಮುಚ್ಚಿಹೋಗುತ್ತದೆ. ಏಕೆಂದರೆ ಕ್ಯಾಂಪಿನವರು ಅವಳನ್ನು ಆವತ್ತೇ ಬಿಟ್ಟಿದ್ದರು. ದಾರಿಯುದ್ದಕ್ಕೂ ಗದ್ದೆಗಳು ಹಸಿರಾಗಿದ್ದವು, ಅವಳ ಕಣ್ಣಿಗೆ ಒಂದೂ ಬೀಳಲಿಲ್ಲ.

ಮುದಿಯಪ್ಪ ಅಂಗಳದಲ್ಲಿ ಬೇವಿನ ನೆರಳಿಗೆ ಕೌದಿ ಹಾಸಿ ಕಾಯುತ್ತಿದ್ದ. ಹುಲಗಮ್ಮ ಒಂದು ಮೊರ ಶೇಂಗಾ ಸುಲಿಯಲು ಹಾಕಿಕೊಂಡು ಕೂತಳು. "ಶುರು ಮಾಡ್ರಿ ನಮ್ಮವ್ವ. ನಾ ನಡುವ ಮಾತಾಡೂದಿಲ್ಲ," ಎಂದ ಮುದಿಯಪ್ಪ, ನಡುವೆ ಮಾತಾಡುತ್ತಲೇ ಕೇಳಿದ. ಕಾಲುವೆಯ ಜಗಳ ಓದಿದಾಗ, ತಾನು ಅದಕ್ಕಿಂತ ಕೆಟ್ಟದಾಗಿ ಬೈದಿದ್ದೆ ಎಂದು ತಿದ್ದಿದ. ಆಸ್ಪತ್ರೆಯ ಅಧ್ಯಾಯ ಬಂತು. ದುರ್ಗಾ ಹವಾಲ್ದಾರ ಬಂದನೆಂದು ಓದುವಷ್ಟರಲ್ಲಿ ಅವನು ಪಕ್ಕಕ್ಕೆ ಉಗುಳಿ, "ಆ ಸುಳ್ಳಗ್ಯಾಂದು ಬಂತೇನು? ಅವನ ಬಾಯಾಗ ಮಣ್ಣ ಬೀಳ್ಲಿ. ಊರಾಗ ಯಾರರ ಸುಳ್ಳ ಹೇಳಿದ್ರ ಈಗೂ ಕೊಟ್ರಪ್ಪ ಅಂತೀವಿ ನಾವು," ಎಂದ.

ಹಿಂದಿನ ದಿನ ಕೈಕಟ್ಟಿ ನಿಂತು ನಕ್ಕ ಮುದುಕ ದುರ್ಗಾಳ ಕಣ್ಣ ಮುಂದೆ ಬಂದ. ಅವಳು ಹಾಳೆಗಳನ್ನು ತೊಡೆಯ ಮೇಲೆ ಬೋರಲು ಹಾಕಿದಳು.

"ಕೊಟ್ರಪ್ಪ ಸುಳ್ಳ ಹೇಳಲಿಲ್ಲ," ಎಂದಳು. "ನಮ್ಮಪ್ಪ ಅವಸರ ಇಲ್ಲ ಅಂದ. ನಿಧಾನಕ್ಕ ಹಿಡೀರಿ ಅಂತ ಸೇರಿಸಿದಾಕಿ ನಾನು. ಕೋರ್ಟಿನ್ಯಾಗ ಅವನ ಮ್ಯಾಲ ಹಾಕೀನಿ. ನೀ ಒಳಗ ಹೋದದ್ದು ನನ್ನ ಬಾಯಿಂದ, ಮುದಿಯಪ್ಪ."

ಶೇಂಗಾ ಒಡೆಯುವ ಸಪ್ಪಳ ನಿಂತಿತು. ಮುದಿಯಪ್ಪ ಎದ್ದು ಕುರಿದೊಡ್ಡಿಯ ಕಡೆ ಹೋಗಿ ಬೇಲಿ ಹಿಡಿದುಕೊಂಡು ಬೆನ್ನು ತಿರುಗಿಸಿ ನಿಂತ. ದುರ್ಗಾ ಹಿಂದೆ ಹೋಗಲಿಲ್ಲ. ಕ್ಷಮೆ ಕೇಳಿ ಕಾಲಿಗೆ ಬಿದ್ದರೆ ಮುದುಕ ಕರಗುತ್ತಾನೆಂದು ಗೊತ್ತಿತ್ತು, ಅದಕ್ಕೇ ಬೀಳಲಿಲ್ಲ. ಹಾಗೆ ಕರಗಿಸಿ ಒಮ್ಮೆ ಕೋರ್ಟನ್ನು ಗೆದ್ದಾಗಿತ್ತು.

ಮಾತಾಡಿದವಳು ಹುಲಗಮ್ಮ. "ಹದಿನಾಕು ತಿಂಗಳು," ಎಂದಳು. "ಕುರಿ ನಾ ಒಬ್ಬಾಕಿ ಕಾದೆ. ಊರಾಗಿನ ಮಂದಿ ನನ್ನ ಮಗಳ ಲಗ್ನ ಮುರದ್ರು. ನೀ ಆಮ್ಯಾಲ ಬಂದು ನನ್ನ ಕೈಯಾಗ ಉಂಡಿ, ನಾ ಕಣ್ಣೀರ ಹಾಕ್ಕೋತ ಬಡಿಸಿದೆ. ಉಣ್ಣುವಾಗ ಏನೂ ಅನಸಲಿಲ್ಲೇನ ನಿನಗ?"

"ಅನಸ್ತಿತ್ತು," ಎಂದಳು ದುರ್ಗಾ. "ಆದ್ರೂ ಉಂಡೆ."

ಹುಲಗಮ್ಮ ಚಿಕ್ಕಂದಿನಲ್ಲಿ ಅವಳಿಗೆ ಕಲಿಸಿದ ಬೈಗುಳಗಳಲ್ಲಿ ಎಲ್ಲಕ್ಕಿಂತ ದೊಡ್ಡದೊಂದನ್ನು ಬೈದಳು. ಬೈದು ಸೆರಗಿನಿಂದ ಕಣ್ಣೊರೆಸಿಕೊಂಡಳು. ದುರ್ಗಾ ತಲೆ ತಗ್ಗಿಸದೆ ಬೈಗುಳವನ್ನು ಪೂರ್ತಿ ತೆಗೆದುಕೊಂಡಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಅಂಗಳದಲ್ಲಿ ಅವಳಿಗೆ ಸಲ್ಲಬೇಕಾದದ್ದು ಸಂದಿತ್ತು.

ಬಿಸಿಲು ಕೌದಿಯ ಅಂಚಿಗೆ ಬರುವ ಹೊತ್ತಿಗೆ ಮುದಿಯಪ್ಪ ವಾಪಸು ಬಂದ. ಕೂರುವಾಗ ಎರಡು ಗೇಣು ದೂರ ಕೂತ.

"ಈ ಪುಸ್ತಕಾ ಎಷ್ಟ ಮಂದಿ ಓದ್ತಾರ?"

"ನಾಕು ಸಾವಿರ. ಜಾಸ್ತೀನ ಆಗಬಹುದು."

"ಇದರಾಗ ನನ್ನ ಹೆಸರು ಯಾಕ ಬ್ಯಾರೆ ಇಟ್ಟೀರಿ?"

"ಕಾದಂಬರ್ಯಾಗ ಖರೆ ಹೆಸರು ಹಾಕೂದಿಲ್ಲ. ಪಾತ್ರಗಳೆಲ್ಲ ಕಾಲ್ಪನಿಕ ಅಂತ ಮೊದಲನೇ ಪುಟದಾಗ ಬರದಿರ್ತೀವಿ."

"ಅದನ್ನ ತಗೀರಿ," ಎಂದ ಮುದಿಯಪ್ಪ. ದನಿ ಏರಿಸಲಿಲ್ಲ. "ಪೇಪರಿನ್ಯಾಗ ನನ್ನ ಹೆಸರು ಒಂದ ಸಲ ಬಂದಿತ್ತು, ಕೊಲೆಗಾರ ಅಂತ. ಬಿಡುಗಡೆ ಆದದ್ದು ಯಾವನೂ ಹಾಕಲಿಲ್ಲ. ನನ್ನ ಮೊಮ್ಮಗಳು ರಂಜಿತಾ ಸಾಲ್ಯಾಗ ಅದಾಳ. ನಿಮ್ಮಜ್ಜ ಜೈಲಿಗೆ ಹೋಗಿದ್ನಂತಲ್ಲ ಅಂತ ಈಗೂ ಕೇಳ್ತಾರ ಆಕೀಗೆ. ನನ್ನ ಹೆಸರು ಹಾಕ್ರಿ. ಆ ಪೊಲೀಸಪ್ಪಂದು ಹಾಕ್ರಿ, ಅವಂಗ ನಾ ಇಪ್ಪತ್ತ ವರ್ಷ ಸುಮ್ಮ ಸುಮ್ಮನ ಬೈದೀನಿ. ನಿಮ್ಮದೂ ಹಾಕ್ರಿ. ಹಂಗಾದ್ರ ಹೂಂ ಅಂತೀನಿ. ಇಲ್ಲಾಂದ್ರ ನನ್ನ ಕಥಿ ನನಗ ಬಿಟ್ಟು ಹೋಗ್ರಿ."

ಹಾಗೆ ಹಾಕಿದರೆ ಅದು ಪತ್ತೇದಾರಿ ಕಾದಂಬರಿಯಾಗಿ ಉಳಿಯುವುದಿಲ್ಲ. ಪ್ರಕಾಶಕರು ಹೌಹಾರುತ್ತಾರೆ. ಹೈಸ್ಕೂಲಿನಲ್ಲಿ, ಸಭೆಗಳಲ್ಲಿ, ಕೋರ್ಟಿನಲ್ಲೂ ಬೇಕಾದರೆ, ಕೇಳುವವರು ಕೇಳುತ್ತಾರೆ. ದುರ್ಗಾ ಇದನ್ನೆಲ್ಲ ಯೋಚಿಸಿದಳು, ಬಹಳ ಹೊತ್ತು ಹಿಡಿಯಲಿಲ್ಲ. ಚೀಲದಿಂದ ಪೆನ್ನು ತೆಗೆದು, ಆಸ್ಪತ್ರೆಯ ಅಧ್ಯಾಯದ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಎಳೆದಳು. ಹಾಳೆಯ ಹಿಂಬದಿ ಖಾಲಿ ಇತ್ತು.

"ಹೇಳು," ಎಂದಳು.

"ಕೋರ್ಟಿನ್ಯಾಗ ಹೆಸರು ಕರೀತಾರಲ್ಲ, ಹಂಗ ಬರೀರಿ. ಮುದಿಯಪ್ಪ ತಂದಿ ದ್ಯಾಮಣ್ಣ. ಹೊಡದಿಲ್ಲ."

ಅವಳು ಬರೆದಳು.

"ಕೊಟ್ರಪ್ಪ. ಅವರಪ್ಪನ ಹೆಸರು ನನಗ ಗೊತ್ತಿಲ್ಲ, ಅವನ್ನ ಕೇಳಿ ಹಾಕ್ರಿ. ನೀವ ಹೋಗಿ ಕೇಳ್ರಿ. ಹೇಳಿದ್ದ ಬರಕೊಂಡ."

ಅದನ್ನೂ ಬರೆದಳು. ಮುದಿಯಪ್ಪ ಬಾಯಿ ಮುಚ್ಚಿಕೊಂಡು ಕಾಯುತ್ತ ಕೂತ. ಮೂರನೆಯದನ್ನು ಅವನು ಹೇಳಿಕೊಡುವುದಿಲ್ಲವೆಂದು ಅವಳಿಗೆ ಅರ್ಥವಾಯಿತು. ಪೆನ್ನು ಅದೇ ದುಂಡು ಅಕ್ಷರದಲ್ಲಿ ನಡೆಯಿತು.

"ಓದ್ರಿ," ಎಂದ ಮುದಿಯಪ್ಪ. "ಹುಲಗಿಗೂ ಕೇಳ್ಲಿ."

ಮೊದಲೆರಡು ಸಾಲು ಸರಾಗವಾಗಿ ಓದಿದಳು. ಮೂರನೆಯದಕ್ಕೆ ಬಂದಾಗ ಅಪ್ಪನ ಹೆಸರಿನ ಹತ್ತಿರ ನಿಲ್ಲಿಸಿದಳು. ಅಂಗಳದಾಚೆ ಹಾದುಹೋಗುವವರಿಗೂ ಕೇಳುವಷ್ಟು ಗಟ್ಟಿಯಾಗಿ ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದಳು.

"ಕನಕದುರ್ಗ ತಂದೆ ವೀರರಾಘವುಲು. ತಪ್ಪು ಹೇಳಿದಳು. ಆಮೇಲೆ ಸುಳ್ಳು ಹೇಳಿದಳು."